ಗೋಡೆಯ ಫಲಕಗಳನ್ನು ಮತ್ತೆ ಓದಿದ ರಿಚ್ಮಂಡಿನ ಸಭೆ

ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್. ಥಾಮಸ್ ಜೆಫರ್ಸನ್ ವಿನ್ಯಾಸ ಮಾಡಿಕೊಟ್ಟ ಶಾಸನಸಭಾ ಭವನದ ಎದುರಿಗೇ, ಗ್ರೇಸ್ ಸ್ಟ್ರೀಟಿನ ಮೂಲೆಯಲ್ಲಿ, ಗ್ರೀಕ್ ದೇಗುಲದಂಥ ಕಂಬಸಾಲಿನ ಸೇಂಟ್ ಪಾಲ್ಸ್ ಎಪಿಸ್ಕೋಪಲ್ ಚರ್ಚು ನಿಂತಿದೆ. 1845ರಲ್ಲಿ ಪ್ರತಿಷ್ಠೆಯಾದ ಈ ಚರ್ಚು ಆಂಗ್ಲಿಕನ್ ಪರಂಪರೆಯದು. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿಗೂ ಆ ಪರಂಪರೆಯೊಂದಿಗೆ ನಂಟಿದೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೀಡ್ರಲ್ಲಿನ ಒಳಗೋಡೆಗಳ ಮೇಲೆ ಬ್ರಿಟಿಷರ ಸ್ಮಾರಕ ಫಲಕಗಳನ್ನು ಕಂಡವರಿಗೆ ಸೇಂಟ್ ಪಾಲ್ಸ್‌ನ ಒಳಾಂಗಣ ಹೇಗಿದ್ದೀತು ಎಂದು ಊಹಿಸುವುದು ಕಷ್ಟವಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ದಕ್ಷಿಣದ ರಾಜ್ಯಗಳು 1861ರಲ್ಲಿ ಕಟ್ಟಿಕೊಂಡ ಕಾನ್ಫೆಡರಸಿಗೆ ರಿಚ್ಮಂಡೇ ರಾಜಧಾನಿಯಾಯಿತು. ಅದರ ಅಧ್ಯಕ್ಷ ಜೆಫರ್ಸನ್ ಡೇವಿಸ್ ಮತ್ತು ಸೇನಾನಿ ರಾಬರ್ಟ್ ಇ. ಲೀ ಆರಾಧನೆಗೆ ಬರುತ್ತಿದ್ದದ್ದು ಇಲ್ಲಿಗೆ. ಉತ್ತರದೊಂದಿಗಿನ ಅಂತರ್ಯುದ್ಧದ ಕೊನೆಯಲ್ಲಿ, 1865ರ ಏಪ್ರಿಲ್ 2ರ ಭಾನುವಾರ, ಡೇವಿಸ್ ಇಲ್ಲಿನ ಬೆಂಚಿನಲ್ಲಿ ಕುಳಿತಿದ್ದಾಗಲೇ ಲೀಯ ಸಂದೇಶ ಬಂತು. ಪೀಟರ್ಸ್‌ಬರ್ಗಿನ ರಕ್ಷಣಾ ಸಾಲು ಮುರಿದಿದೆ, ರಾಜಧಾನಿ ತೆರವು ಮಾಡಬೇಕು ಎಂದು. ಅಂದು ರಾತ್ರಿಯೇ ಸರ್ಕಾರ ಓಡಿಹೋಯಿತು. ಹಿಂದೆ ಸರಿಯುತ್ತಿದ್ದ ಸೈನ್ಯವೇ ಹಚ್ಚಿದ ಬೆಂಕಿಗೆ ಪೇಟೆಯ ಬಹುಭಾಗ ಸುಟ್ಟುಹೋದರೂ ಚರ್ಚು ಉಳಿಯಿತು. ಮುಂದೆ ಜನ ಇದನ್ನು ಕಾನ್ಫೆಡರಸಿಯ ಕೆಥೀಡ್ರಲ್ ಎಂದೇ ಕರೆದರು.

ಆ ಹೆಸರನ್ನು ಹೆಮ್ಮೆಯಿಂದ ಹೊತ್ತಿದ್ದ ಸಭೆ ಕಳೆದ ದಶಕದಲ್ಲಿ ತನ್ನ ಕಡತ, ಗೋಡೆ, ಕಿಟಕಿ ಎಲ್ಲವನ್ನೂ ಹೊಸದಾಗಿ ಓದಲು ಕೂತಿತು. ಅದಕ್ಕೆ ಕಾರಣವಾದದ್ದು 2015ರ ಜೂನ್ 17ರ ಹತ್ಯಾಕಾಂಡ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಅಧ್ಯಯನಕ್ಕೆ ಕೂತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಬಿಳಿಯ ಯುವಕನೊಬ್ಬ ಗುಂಡಿಟ್ಟು ಕೊಂದ. ಅವನು ಕಾನ್ಫೆಡರಸಿಯ ಯುದ್ಧಧ್ವಜ ಹಿಡಿದು ತೆಗೆಸಿಕೊಂಡ ಚಿತ್ರಗಳು ಹೊರಬಂದವು. ಅದೇ ಧ್ವಜ ಸೇಂಟ್ ಪಾಲ್ಸ್‌ನ ಸ್ಮಾರಕ ಫಲಕಗಳ ಮೇಲಿತ್ತು. ಪ್ರಾರ್ಥನೆಗೆ ಮೊಣಕಾಲೂರುವ ದಿಂಬುಗಳ ಕಸೂತಿಯಲ್ಲೂ ಇತ್ತು. ಆಗಿನ ಸಭಾಪಾಲಕರು ಈ ಮಾತನ್ನು ಸಭೆಯ ಮುಂದಿಟ್ಟರು. ತಿಂಗಳುಗಟ್ಟಲೆ ಚರ್ಚೆ ನಡೆದು, ಆ ವರ್ಷ ಮುಗಿಯುವ ಮುನ್ನ ಧ್ವಜದ ಚಿಹ್ನೆಗಳನ್ನು ತೆಗೆಯುವ ತೀರ್ಮಾನವಾಯಿತು. ಜೊತೆಗೆ, ಚರ್ಚಿನ ವರ್ಣಭೇದದ ಚರಿತ್ರೆಯನ್ನು ಹುಡುಕಿ, ಒಪ್ಪಿಕೊಂಡು, ಆದ ಹಾನಿಯನ್ನು ಸರಿಪಡಿಸುವ ದಾರಿ ಕಾಣಲು 'ಇತಿಹಾಸ ಮತ್ತು ಸಮಾಧಾನ' ಎಂಬ ಹಲವು ವರ್ಷಗಳ ಕಾರ್ಯಕ್ರಮವನ್ನೂ ಸಭೆ ಕೈಗೆತ್ತಿಕೊಂಡಿತು.

ಇದರಲ್ಲಿ ಮುಖ್ಯವಾದ ಪಾಠವೊಂದಿದೆ. ಸೇಂಟ್ ಪಾಲ್ಸ್ 2015ರವರೆಗೂ ಹಳೆಯ ಕಾಲದಲ್ಲೇ ನಿಂತಿದ್ದ ಸಂಪ್ರದಾಯಸ್ಥ ಸಭೆಯಾಗಿರಲಿಲ್ಲ. ಉದಾರವಾದಿ ದೇವತಾಶಾಸ್ತ್ರಕ್ಕೆ ಮುಂದೆ ಜಗತ್ತಿನಾದ್ಯಂತ ಹೆಸರಾದ ಜಾನ್ ಶೆಲ್ಬಿ ಸ್ಪಾಂಗ್ 1969ರಿಂದ 1976ರವರೆಗೆ ಇಲ್ಲೇ ಸಭಾಪಾಲಕರಾಗಿದ್ದರು. ಆ ಬಳಿಕವೂ ನಗರದಲ್ಲಿ ಇದು ಪ್ರಗತಿಪರರ ಚರ್ಚೆಂದೇ ಹೆಸರು ಉಳಿಸಿಕೊಂಡಿತು. ಇಷ್ಟಾದರೂ ಧ್ವಜಗಳು ಗೋಡೆಯ ಮೇಲೆಯೇ ಇದ್ದವು. ವರ್ಣಭೇದ ಪಾಪ ಎಂದು ವೇದಿಕೆಯಿಂದ ಸಾರುವುದಕ್ಕೂ, ಆ ಪಾಪ ನಮ್ಮ ಮನೆಯಲ್ಲಿ ಯಾರ ಹೆಸರಿನಲ್ಲಿ, ಯಾವ ಹಣದಲ್ಲಿ, ಎಂಥ ಸೌಜನ್ಯದಲ್ಲಿ ಬೇರುಬಿಟ್ಟಿತ್ತು ಎಂದು ಲೆಕ್ಕ ತೆಗೆಯುವುದಕ್ಕೂ ದೂರ ಬಹಳ. ಎರಡನೆಯ ಕೆಲಸ ಮಾಡದಿದ್ದರೆ ಮೊದಲನೆಯದಕ್ಕೆ ಬಲವಿಲ್ಲ ಎಂಬುದಕ್ಕೆ ಈ ಚರ್ಚಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಕಿಟಕಿಗಳನ್ನೇ ನೋಡಿ. 1890ರ ದಶಕದಲ್ಲಿ ಇಲ್ಲಿ ಲೀ ಮತ್ತು ಡೇವಿಸ್ ನೆನಪಿಗೆ ಬಣ್ಣದ ಗಾಜಿನ ಕಿಟಕಿಗಳನ್ನು ಅರ್ಪಿಸಿದರು. ಲೀಗೆ ಸಿಕ್ಕ ರೂಪ ಫರೋಹನ ಅರಮನೆಯನ್ನು ತೊರೆದು ತನ್ನ ಜನರ ಕಡೆ ಹೊರಟ ಮೋಶೆಯದು. ಡೇವಿಸ್‌ಗೆ ಸಿಕ್ಕದ್ದು ಅಗ್ರಿಪ್ಪ ರಾಜನ ಮುಂದೆ ಬೇಡಿ ತೊಟ್ಟು ನಿಂತ ಪೌಲನ ಚಿತ್ರ. ಬೈಬಲ್ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪೌಲ ನಿರಪರಾಧಿ, ಹಾಗಾದರೆ ಯುದ್ಧದ ಬಳಿಕ ಸೆರೆಯಲ್ಲಿದ್ದ ಡೇವಿಸ್ ಕೂಡ ನಿರಪರಾಧಿ. ಮೋಶೆಯ ವಿಷಯದಲ್ಲಿ ನಡೆದದ್ದು ಇನ್ನೂ ಕ್ರೂರ. ಐಗುಪ್ತದ ಗುಲಾಮಗಿರಿಯಿಂದ ಜನರನ್ನು ಬಿಡಿಸಿದವನ ಮುಖವನ್ನು, ನಲವತ್ತು ಲಕ್ಷದಷ್ಟು ಜನರನ್ನು ಗುಲಾಮರಾಗಿಯೇ ಇಡಬೇಕೆಂದ ಪಕ್ಷದ ಸೇನಾನಿಗೆ ತೊಡಿಸಿದರು. ಕತ್ತಲಲ್ಲಿ ಹಾಡುತ್ತಾ ಮೋಶೆಯನ್ನು ಕರೆಯುತ್ತಿದ್ದವರು ಆ ಗುಲಾಮರು. ಅವರ ಮೋಶೆಯನ್ನೂ ಅವರಿಂದ ಕಿತ್ತುಕೊಂಡಂತಾಯಿತು. ಯುದ್ಧದಲ್ಲಿ ಸೋತ ದಕ್ಷಿಣದ ಮೇಲ್ವರ್ಗ ತನ್ನ ಸೋಲನ್ನು ಧರ್ಮಯುದ್ಧದ ಕಥೆಯಾಗಿ ತಿರುಗಿಸಿಕೊಂಡ ಬಗೆ ಇದು. ಅದನ್ನು ಗಾಜಿನಲ್ಲಿ ಕೂರಿಸಿ, ಭಾನುವಾರದ ಬೆಳಕಿನಲ್ಲಿ ತಲೆಮಾರುಗಟ್ಟಲೆ ಮಕ್ಕಳಿಗೆ ತೋರಿಸಿದರು.

ದ್ವೇಷ ಕೆಂಡದಂತೆ ಕಂಡಾಗ ಗುರುತಿಸುವುದು ಸುಲಭ. ಈ ಚರ್ಚಿನ ಚರಿತ್ರೆಯಲ್ಲಿ ಹೆಚ್ಚಾಗಿ ಸಿಗುವುದು ದಯೆಯ ವೇಷದ ಮೇಲರಿಮೆ. ಇಲ್ಲಿನ ಸದಸ್ಯರೂ ಆಗಿರುವ ಇತಿಹಾಸಕಾರ ಕ್ರಿಸ್ಟೊಫರ್ ಅಲನ್ ಗ್ರಹಾಂ 2023ರಲ್ಲಿ ಈ ಸಭೆಯ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಕಪ್ಪು ಜನರ ಹಿತ ತಮಗೇ ಗೊತ್ತು ಎಂದು ನಂಬಿದ್ದ ಸಜ್ಜನರ ಧಣಿತನ ಎಷ್ಟು ಕಾಲ ಬಾಳಿತು ಎಂಬುದು ಅದರಲ್ಲಿ ಮುಖ್ಯ ವಿಷಯ. ಲೀ ಕುರಿತ ಪ್ರಸಿದ್ಧ ಕಥೆಯೊಂದನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಯುದ್ಧ ಮುಗಿದ ಬೇಸಿಗೆಯಲ್ಲಿ ಕಪ್ಪು ಮನುಷ್ಯನೊಬ್ಬ ಕರ್ತನ ಭೋಜನಕ್ಕೆ ಮುಂದೆ ಬಂದನಂತೆ. ಸಭೆ ಕಲ್ಲಾಗಿ ಕುಳಿತಾಗ ಲೀ ಎದ್ದು ಬಂದು ಮೊಣಕಾಲೂರಿದನಂತೆ. ಇಂದು ಅನೇಕರು ಇದನ್ನು ಸಮಾಧಾನದ ಕಥೆಯಾಗಿ ಹೇಳುತ್ತಾರೆ. ಅದು ಪತ್ರಿಕೆಯಲ್ಲಿ ಅಚ್ಚಾದದ್ದು ನಲವತ್ತು ವರ್ಷಗಳ ಬಳಿಕ, 1905ರಲ್ಲಿ. ವರ್ಜೀನಿಯಾದ ಹೊಸ ಸಂವಿಧಾನ ಕಪ್ಪು ಜನರ ಮತದಾನದ ಹಕ್ಕನ್ನು ಬಹುಮಟ್ಟಿಗೆ ಕಸಿದುಕೊಂಡದ್ದು 1902ರಲ್ಲಿ. ಅಚ್ಚಾದ ಮೊದಲ ಕಥನದಲ್ಲಿ ಆ ಕಪ್ಪು ಮನುಷ್ಯನ ನಡೆ ಬಿಳಿಯರಿಗೆ ಮಾಡಿದ ಅವಮಾನ. ಲೀಯ ದೊಡ್ಡತನ ಅವನನ್ನು ಲೆಕ್ಕಿಸದೆ ಇದ್ದದ್ದರಲ್ಲಿದೆ. ಒಂದೇ ಘಟನೆಗೆ ಎರಡು ಕಾಲ ಎರಡು ಅರ್ಥ ಹಚ್ಚಿದವು. ಎರಡರಲ್ಲೂ ಮುಂದೆ ನಡೆದುಬಂದ ಆ ಮನುಷ್ಯನಿಗೆ ಹೆಸರಿಲ್ಲ.

ಇಂಥ ಓದಿಗೆ ಆಕ್ಷೇಪಗಳು ಬಂದೇ ಬರುತ್ತವೆ. ಫಲಕ ಕಿತ್ತರೆ ಚರಿತ್ರೆಯನ್ನೇ ಅಳಿಸಿದಂತಲ್ಲವೇ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಆದರೆ ಕಿಟಕಿಗಳು ಯುದ್ಧಕಾಲದ ದಾಖಲೆಗಳಲ್ಲ. ಯುದ್ಧ ಮುಗಿದು ಕಾಲು ಶತಮಾನ ಕಳೆದ ಮೇಲೆ ಬಂದ ವಾದಗಳು ಅವು. ಚರಿತ್ರೆಯನ್ನು ಅಳಿಸಿದ್ದು ಅವೇ. ಚರ್ಚಿನಿಂದ ಕೆಲವೇ ನಿಮಿಷ ಕೆಳಗೆ ನಡೆದರೆ ಶಾಕೋ ಬಾಟಮ್ ಸಿಗುತ್ತದೆ. ನ್ಯೂ ಆರ್ಲಿಯನ್ಸ್ ಬಿಟ್ಟರೆ ದೇಶದಲ್ಲೇ ದೊಡ್ಡದೆನಿಸಿದ್ದ ಗುಲಾಮರ ಸಂತೆ ಅಲ್ಲಿ ನಡೆಯುತ್ತಿತ್ತು. ಸೇಂಟ್ ಪಾಲ್ಸ್‌ನ ಯಾವ ಕಿಟಕಿಯೂ ಆ ಸಂತೆಯನ್ನು ತೋರಿಸಲಿಲ್ಲ. 2020ರಲ್ಲಿ ನಗರದ ಬೀದಿಯಲ್ಲಿ ಡೇವಿಸ್‌ನ ಪ್ರತಿಮೆ ಉರುಳಿದ ಬೇಸಿಗೆಯಲ್ಲಿ, ಉಳಿದ ಕಾನ್ಫೆಡರೇಟ್ ಸ್ಮರಣೆಗಳನ್ನೂ ತೆಗೆಯಬೇಕು, ಕಿಟಕಿಗಳನ್ನು ಲೀ, ಡೇವಿಸ್ ಹೆಸರಿನಿಂದ ಬಿಡಿಸಬೇಕು ಎಂಬ ನಿರ್ಧಾರಕ್ಕೆ ಸಭೆ ಬಂತು. ಮುಂದೆ ವರ್ಜೀನಿಯಾದ ಕಲಾವಿದೆ ಜನೆಲ್ ವಾಷಿಂಗ್ಟನ್ ಕಾಗದ ಕತ್ತರಿಸಿ ಮಾಡಿದ ಚಿತ್ರಸರಣಿ ಇಲ್ಲಿಗೆ ಬಂತು. ಶಿಲುಬೆಯ ಹಾದಿಯ ನಿಲುಗಡೆಗಳ ಮಾದರಿಯಲ್ಲಿ ಅದು ಈ ಚರ್ಚಿನ ವರ್ಣಚರಿತ್ರೆಯನ್ನು ಹೇಳುತ್ತದೆ. ಈ ಕಟ್ಟಡದಲ್ಲಿ ಹಿಂದೆಂದಿಗಿಂತ ಹೆಚ್ಚು ಚರಿತ್ರೆ ಈಗ ಕಣ್ಣಿಗೆ ಬೀಳುತ್ತದೆ.

ಅಜ್ಜಂದಿರ ತಪ್ಪಿಗೆ ಇಂದಿನವರು ಯಾಕೆ ತಲೆಬಾಗಬೇಕು ಎನ್ನುವವರೂ ಇದ್ದಾರೆ. ವ್ಯಕ್ತಿಯ ಮಟ್ಟಿಗೆ ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಸಂಸ್ಥೆಯ ಮಟ್ಟಿಗೆ ಇಲ್ಲ. ಜೋಸೆಫ್ ರೀಡ್ ಆಂಡರ್ಸನ್ ಈ ಚರ್ಚಿನ ಆಡಳಿತ ಮಂಡಳಿಯಲ್ಲಿದ್ದ ಗಣ್ಯ. ಅವನ ಟ್ರೆಡೆಗರ್ ಕಬ್ಬಿಣದ ಕಾರ್ಖಾನೆ ಗುಲಾಮರ ದುಡಿಮೆಯ ಮೇಲೆ ನಿಂತಿತ್ತು. 1847ರಲ್ಲಿ ಬಿಳಿಯ ಕಾರ್ಮಿಕರು ಅದನ್ನು ವಿರೋಧಿಸಿ ಮುಷ್ಕರ ಹೂಡಿದಾಗ ಅವನು ಅವರನ್ನೇ ಕೆಲಸದಿಂದ ತೆಗೆದ. ಕಾನ್ಫೆಡರಸಿಯ ಫಿರಂಗಿಗಳು ಎರಕವಾದದ್ದೂ ಅಲ್ಲಿ. ಅಂಥವರ ಕಾಣಿಕೆಯಿಂದ ಬೆಳೆದ ಕಟ್ಟಡ, ಶಾಸನಸಭೆಯ ಎದುರಿನ ಜಾಗ, ಊರಿನಲ್ಲಿನ ಮರ್ಯಾದೆ ಇವೆಲ್ಲವನ್ನೂ ಇಂದಿನ ಸಭೆ ಪಿತ್ರಾರ್ಜಿತವಾಗಿ ಪಡೆದಿದೆ. ಆಸ್ತಿ ನಮ್ಮದು, ಸಾಲ ಅಜ್ಜನದು ಎನ್ನುವ ಮೊಮ್ಮಗನ ಮಾತನ್ನು ನಮ್ಮ ಯಾವ ಊರಿನ ಪಂಚಾಯಿತಿಯೂ ಒಪ್ಪುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು ಕಡೆಯಿಂದ ಬರುತ್ತದೆ. ಉಳ್ಳವರು ಹೆಚ್ಚಾಗಿರುವ, ಬಹುಪಾಲು ಬಿಳಿಯರ ಸಭೆಯೊಂದು ಪುಸ್ತಕ ಓದಿ, ಉಪನ್ಯಾಸ ಕೇಳಿ, ಕಣ್ಣೀರಿಟ್ಟರೆ ಶಾಕೋ ಬಾಟಮ್ಮಿನಲ್ಲಿ ಮಾರಾಟವಾದವರ ಮೊಮ್ಮಕ್ಕಳಿಗೆ ಏನು ಸಿಕ್ಕಿತು? ಇದನ್ನು ತಳ್ಳಿಹಾಕುವ ಉತ್ತರ ಇಲ್ಲ, ಇರಲೂಬಾರದು. ಕಲಿಯುವುದೇ ಒಂದು ಸಂತೃಪ್ತಿಯಾಗಿ ನಿಂತುಬಿಡುವ ಅಪಾಯ ನಿಜ. ಆದರೂ ಕಲಿಕೆಯನ್ನು ಬಿಟ್ಟು ನೇರ ನೆರವಿಗೆ ಇಳಿಯೋಣ ಎಂಬ ಸಲಹೆ ಈ ಚರ್ಚಿನ ಮಟ್ಟಿಗೆ ಹಳೆಯ ದಾರಿಗೇ ಒಯ್ಯುತ್ತದೆ. ನೆರವು ಇಲ್ಲಿ ಎಂದೂ ಕಡಿಮೆಯಿರಲಿಲ್ಲ. ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ಏರ್ಪಾಡು ಮಾತ್ರ ಕದಲಲಿಲ್ಲ. ತಾನು ಕೊಡುತ್ತಿರುವುದು ದಾನವಲ್ಲ, ಹಿಂದಿರುಗಿಸಬೇಕಾದ ಬಾಕಿ ಎಂದು ತಿಳಿಯಬೇಕಾದರೆ ಲೆಕ್ಕದ ಪುಸ್ತಕ ತೆರೆದು ನೋಡಲೇಬೇಕು. ಹಾಗೆ ನೋಡಿದ್ದರ ಫಲ ಒಂದು ಸಭೆಯ ಗೋಡೆ ದಾಟಿಯೂ ಕಾಣುತ್ತಿದೆ. ಈ ಚರ್ಚು ಸೇರಿರುವ ವರ್ಜೀನಿಯಾ ಡಯಾಸಿಸ್ 2021ರಲ್ಲಿ ಗುಲಾಮಗಿರಿಯ ಹಾನಿಗೆ ಪರಿಹಾರವಾಗಿ 1 ಕೋಟಿ ಡಾಲರ್ ಒದಗಿಸುವ ಸಂಕಲ್ಪ ಮಾಡಿತು. ಅದು ಯಾರ ಕೈಗೆ ಹೋಗಬೇಕು, ಹಂಚುವ ಅಧಿಕಾರ ಯಾರದು ಎಂಬ ಪ್ರಶ್ನೆಗಳಲ್ಲಿ ಸೇಂಟ್ ಪಾಲ್ಸ್‌ನಂಥ ಸಭೆಗಳ ಮಾತಿಗಿಂತ ಕಪ್ಪು ಸಭೆಗಳ ಮಾತಿಗೆ ಹೆಚ್ಚು ತೂಕ ಸಿಗಬೇಕು. ಗ್ರೇಸ್ ಸ್ಟ್ರೀಟಿನಲ್ಲಿ 2015ರಿಂದ ನಡೆದ ಓದು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಆ ತೂಕವನ್ನು ಬಿಟ್ಟುಕೊಡುವಾಗ ತಿಳಿಯುತ್ತದೆ.