ಹೆಣ್ಣಿಗೆ ಗದ್ದೆ, ಗಂಡಿಗೆ ಪರಸ್ಥಳ

ಇಂಡೋನೇಷ್ಯಾದ ಪಶ್ಚಿಮ ಸುಮಾತ್ರದಲ್ಲಿ ‘ನಗರಿ’ ಎಂದು ಕರೆಯುವ ಮಿನಾಂಗ್‌ಕಬಾವ್ ಹಳ್ಳಿಗಳ ಜನರು ಇಸ್ಲಾಂ ಧರ್ಮವನ್ನು ಶ್ರದ್ಧೆಯಿಂದ ಪಾಲಿಸುತ್ತಲೇ ಕುಲದ ಗದ್ದೆಮನೆಗಳನ್ನು ತಾಯಿಯಿಂದ ಮಗಳಿಗೆ ದಾಟಿಸುತ್ತ ಬಂದಿದ್ದಾರೆ. ‘ಹರ್ತಾ ಪುಸಾಕಾ ತಿಂಗ್ಗಿ’ ಎಂಬ ಈ ಕುಲಸ್ವತ್ತಿನ ಉಸ್ತುವಾರಿ ‘ಮಾಮಕ್’ ಎನಿಸಿಕೊಂಡ ಸೋದರಮಾವನದಾದರೂ ಅದನ್ನು ಮಾರುವ ಹಕ್ಕು ಅವನಿಗಿಲ್ಲ. ಅಡವಿಡುವುದಕ್ಕೂ ಸಂಪ್ರದಾಯ ಒಪ್ಪುವುದು ನಾಲ್ಕೇ ಸಂದರ್ಭಗಳಲ್ಲಿ: ಮನೆಯಲ್ಲಿ ಶವವಿದ್ದು ಸಂಸ್ಕಾರಕ್ಕೆ ಹಣವಿಲ್ಲದಾಗ, ಪ್ರಾಯ ಮೀರುತ್ತಿರುವ ಮಗಳ ಮದುವೆಯಾಗಬೇಕಾದಾಗ, ಕುಲದ ಮುಖಂಡನಿಗೆ ಪಟ್ಟ ಕಟ್ಟಬೇಕಾದಾಗ, ಮತ್ತು ಎಮ್ಮೆಯ ಕೊಂಬಿನಂತೆ ಮೇಲಕ್ಕೆ ಬಾಗಿದ ಚಾವಣಿಯ ‘ರುಮಾ ಗದಾಂಗ್’ ಎಂಬ ದೊಡ್ಡಮನೆ ಶಿಥಿಲವಾದಾಗ. ಸೂರಿನ ದುರಸ್ತಿಯನ್ನು ಶವಸಂಸ್ಕಾರದಷ್ಟೇ ತುರ್ತೆಂದು ಎಣಿಸಿದ ಈ ವಿವೇಕ ನಿಜಕ್ಕೂ ಗೌರವಾರ್ಹವಾದುದು; ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಈ ಏರ್ಪಾಡು ತೀರ ಅಪರಿಚಿತವೆನಿಸದು.

ದೊಡ್ಡಮನೆಯ ಕೋಣೆಗಳು ಹೆಣ್ಣುಮಕ್ಕಳಿಗೇ ಮೀಸಲಾದ್ದರಿಂದ, ಹಿಂದೆ ಹುಡುಗರು ‘ಸುರಾವ್’ ಎಂಬ ಪ್ರಾರ್ಥನಾಮಂದಿರದಲ್ಲಿ ಮಲಗಿ, ಅಲ್ಲಿಯೇ ಕುರಾನ್ ಕಲಿತು, ಪ್ರಾಯಕ್ಕೆ ಬಂದೊಡನೆ ದುಡಿಮೆಯನ್ನೋ ವಿದ್ಯೆಯನ್ನೋ ಅರಸಿ ಪರಸ್ಥಳಕ್ಕೆ ಹೊರಡುತ್ತಿದ್ದರು. ‘ಮರಾಂತಾವ್’ ಎಂಬ ಈ ವಲಸೆ ಇಂದಿಗೂ ನಿಂತಿಲ್ಲ. ಇಂಡೋನೇಷ್ಯಾದ ಊರೂರಲ್ಲಿ ಕಾಣುವ ಪಡಾಂಗ್ ಊಟದ ಹೋಟೆಲುಗಳು ಬಹುಮಟ್ಟಿಗೆ ಅದರ ಫಲ. ದೇಶದ ಮೊದಲ ಉಪರಾಷ್ಟ್ರಪತಿ ಮೊಹಮ್ಮದ್ ಹತ್ತಾ ಕೂಡ 1902ರಲ್ಲಿ ಇದೇ ನಾಡಿನ ಬುಕಿತ್ತಿಂಗ್ಗಿಯಲ್ಲಿ ಹುಟ್ಟಿ, 1921ರಲ್ಲಿ ಓದಲು ನೆದರ್ಲೆಂಡ್ಸಿಗೆ ಹೊರಟವರು. ಹೊರಗೆ ದುಡಿದು ಗಳಿಸಿದ ಸ್ವಯಾರ್ಜಿತ ಆಸ್ತಿ ಮಾತ್ರ ಕುಲಕ್ಕೆ ಸೇರದೆ, ಇಸ್ಲಾಮಿನ ವಾರಸು ನಿಯಮದಂತೆ ಗಂಡು ಹೆಣ್ಣು ಮಕ್ಕಳಿಬ್ಬರಿಗೂ ಹಂಚಿಕೆಯಾಗುತ್ತದೆ.