ಕೆಂಪು ಡೆಕ್ಕಿನ ಲೆಕ್ಕ: ಇಪ್ಪತ್ತರಿಂದ ಸೊನ್ನೆಗೆ

ಮ್ಯಾಜಿಕ್: ದ ಗ್ಯಾದರಿಂಗ್ ಆಟದ ಸ್ಥಳೀಯ ಟೂರ್ನಿಗೆ ಮೊದಲ ಸಲ ಹೊರಟವರಿಗೆ ಹಳಬರು ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ: ಕೆಂಪು ಡೆಕ್ ತಗೊಂಡು ಹೋಗು, ಬೇಗ ಬೇಗ ಹೊಡಿ. ಸಲಹೆ ಸರಿಯಾಗಿಯೇ ಇದೆ. ಅದರ ಬೆನ್ನಿಗೇ ಬರುವ 'ಅದನ್ನ ಆಡೋಕೆ ತಲೆ ಬೇಡ' ಎಂಬ ಮಾತನ್ನು ಮಾತ್ರ ನಂಬಬೇಡಿ. ಈ ಡೆಕ್ಕಿನಲ್ಲಿ ಪ್ರತಿ ಕಾರ್ಡಿಗೂ ಒಂದು ಬೆಲೆ ಇದೆ. ಆ ಬೆಲೆಯನ್ನು ಸರಿಯಾದ ಸರದಿಯಲ್ಲಿ ವಸೂಲು ಮಾಡಿದವರು ಗೆಲ್ಲುತ್ತಾರೆ, ಉಳಿದವರು ಎದುರಾಳಿಯನ್ನು ಎರಡೋ ಮೂರೋ ಲೈಫ್‌ಗೆ ತಂದು ನಿಲ್ಲಿಸಿ ಸೋಲುತ್ತಾರೆ. ಆ ವಸೂಲಿ ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಆಟದ ಚೌಕಟ್ಟು

ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟು. ಇಲ್ಲಿ ಪ್ರತಿಯೊಬ್ಬರೂ ತಮ್ಮದೇ ಕಟ್ಟನ್ನು ಮನೆಯಲ್ಲಿ ಜೋಡಿಸಿಕೊಂಡು ಬರುತ್ತಾರೆ. ಗಣಿತದಲ್ಲಿ ಡಾಕ್ಟರೇಟ್ ಪಡೆದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದಿತು. ಇಬ್ಬರು ಎದುರುಬದುರು ಕೂತು ಆಡುವ ಸಾಮಾನ್ಯ ಮಾದರಿಯಲ್ಲಿ ಡೆಕ್ಕಿಗೆ ಕನಿಷ್ಠ 60 ಕಾರ್ಡು ಬೇಕು. ಮೂಲ ಲ್ಯಾಂಡ್‌ಗಳನ್ನು ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಇಬ್ಬರೂ 20 ಲೈಫ್‌ನಿಂದ ಶುರು ಮಾಡುತ್ತಾರೆ. ಸರದಿಗೊಂದು ಲ್ಯಾಂಡ್ ಇಳಿಸಬಹುದು, ಲ್ಯಾಂಡ್ ಮಾನಾ ಕೊಡುತ್ತದೆ, ಮಾನಾ ಖರ್ಚು ಮಾಡಿ ಉಳಿದ ಕಾರ್ಡುಗಳನ್ನು ಆಡಬೇಕು.

ಅಂಗಡಿಗೆ ಹೊರಡುವ ಮೊದಲೇ ಅಂದಿನ ಫಾರ್ಮ್ಯಾಟ್ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಬೆಂಗಳೂರಿನ ಬೋರ್ಡ್ ಗೇಮ್ ಮೇಜುಗಳಲ್ಲಾಗಲಿ, ಹೊರದೇಶದ ಅಂಗಡಿಗಳ ಫ್ರೈಡೇ ನೈಟ್ ಮ್ಯಾಜಿಕ್‌ನಲ್ಲಾಗಲಿ ಇದು ಮೊದಲ ಪ್ರಶ್ನೆ. ಕಮಾಂಡರ್ ಎಂಬ ಜನಪ್ರಿಯ ಫಾರ್ಮ್ಯಾಟಿನಲ್ಲಿ ಸಾಮಾನ್ಯವಾಗಿ ನಾಲ್ಕು ಜನ ಕೂರುತ್ತಾರೆ, ಒಬ್ಬೊಬ್ಬರಿಗೂ 40 ಲೈಫ್. ಅಂದರೆ ನೀವು ಮುಗಿಸಬೇಕಾದದ್ದು ಒಟ್ಟು 120. ಮೂರು ಮೂರು ಡ್ಯಾಮೇಜಿನ ಕಾರ್ಡುಗಳಿಂದ ಆ ಗುಡ್ಡ ಕರಗುವುದಿಲ್ಲ. ಕೆಂಪು ಡೆಕ್ಕಿನ ಜಾಗ ಸ್ಟ್ಯಾಂಡರ್ಡ್, ಮಾಡರ್ನ್, ಪಾಪರ್‌ನಂಥ ಇಬ್ಬರ ಆಟ. ಪಾಪರ್‌ನಲ್ಲಿ 'ಕಾಮನ್' ದರ್ಜೆಯಲ್ಲಿ ಅಚ್ಚಾದ ಕಾರ್ಡುಗಳಿಗೆ ಮಾತ್ರ ಅವಕಾಶ, ಹಾಗಾಗಿ ಖರ್ಚು ಕಡಿಮೆ. ಹೊಸಬರಿಗೆ ಅಲ್ಲಿಂದ ಶುರು ಮಾಡುವುದು ಅನುಕೂಲ. ಕೆಳಗಿನ ಉದಾಹರಣೆಗಳನ್ನು ನಾನು ಮಾಡರ್ನ್‌ನ 'ಬರ್ನ್' ಡೆಕ್ಕಿನಿಂದ ತೆಗೆದುಕೊಂಡಿದ್ದೇನೆ, ಏಕೆಂದರೆ ಅದರ ಲೆಕ್ಕ ಎಲ್ಲಕ್ಕಿಂತ ನಿಚ್ಚಳವಾಗಿದೆ.

ಡೆಕ್ಕಿನ ಒಳಗೆ ಏನಿದೆ

ಮಾದರಿ ಹಂಚಿಕೆ ಹೀಗಿಟ್ಟುಕೊಳ್ಳಿ: 20 ಲ್ಯಾಂಡ್, 12 ಕ್ರೀಚರ್, ನೇರ ಡ್ಯಾಮೇಜ್ ಮಾಡುವ 28 ಸ್ಪೆಲ್. ಲೈಟ್ನಿಂಗ್ ಬೋಲ್ಟ್ ಈ ಡೆಕ್ಕಿನ ಅಳತೆಗೋಲು. ಒಂದು ಮಾನಾ ಕೊಟ್ಟರೆ ಮೂರು ಡ್ಯಾಮೇಜ್, ಆಟಗಾರನಿಗಾದರೂ ಸರಿ, ಕ್ರೀಚರ್‌ಗಾದರೂ ಸರಿ. ಲಾವಾ ಸ್ಪೈಕ್ ಕೂಡ ಒಂದು ಮಾನಾಗೆ ಮೂರು ಕೊಡುತ್ತದೆ, ಆದರೆ ಕ್ರೀಚರ್ ಮೇಲೆ ಹಾಕಲು ಬರುವುದಿಲ್ಲ. ರಿಫ್ಟ್ ಬೋಲ್ಟನ್ನು ಮೂರು ಮಾನಾ ಕೊಟ್ಟು ಕೂಡಲೇ ಆಡಬಹುದು, ಇಲ್ಲವೇ ಒಂದೇ ಮಾನಾ ಕೊಟ್ಟು ಪಕ್ಕಕ್ಕಿಟ್ಟರೆ ಮುಂದಿನ ನಿಮ್ಮ ಸರದಿಯ ಆರಂಭದಲ್ಲಿ ತಾನಾಗಿ ಬರುತ್ತದೆ. ಸ್ಕಲ್‌ಕ್ರ್ಯಾಕ್‌ಗೆ ಎರಡು ಮಾನಾ. ಅದು ಮೂರು ಡ್ಯಾಮೇಜ್ ಮಾಡುವುದರ ಜೊತೆಗೆ ಆ ಸರದಿಯಲ್ಲಿ ಯಾರೂ ಲೈಫ್ ಹೆಚ್ಚಿಸಿಕೊಳ್ಳದಂತೆ ತಡೆಯುತ್ತದೆ.

ಈ ಮೂರರ ಮಗ್ಗಿಯಲ್ಲೇ ಡೆಕ್ಕಿನ ಗುಟ್ಟಿದೆ. ಮೂರೇಳಲಿ 21. ಹೀಗಾಗಿ ಎದುರಾಳಿಯ 20 ಲೈಫ್ ಅಂದರೆ ನಿಮಗೆ ಏಳು ಕಾರ್ಡು. 18ಕ್ಕೆ ಆರು, 12ಕ್ಕೆ ನಾಲ್ಕು. ಆಟದುದ್ದಕ್ಕೂ ಎದುರಿನ ಸಂಖ್ಯೆಯನ್ನು ಹೀಗೆ ಕಾರ್ಡಿನ ಲೆಕ್ಕದಲ್ಲೇ ಓದಿ. ಕ್ರೀಚರ್‌ಗಳ ಕೆಲಸ ಆ ಏಳನ್ನು ಐದಕ್ಕೋ ನಾಲ್ಕಕ್ಕೋ ಇಳಿಸುವುದು. ಒಂದು ಮಾನಾದ ಗಾಬ್ಲಿನ್ ಗೈಡ್ ಬಂದ ಸರದಿಯಲ್ಲೇ ದಾಳಿ ಮಾಡಿ ಎರಡು ಡ್ಯಾಮೇಜ್ ಕೊಡುತ್ತದೆ. ಅದು ಎರಡು ಸಲ ತಾಗಿತೆಂದರೆ ಒಂದು ಬೋಲ್ಟ್‌ಗಿಂತ ಹೆಚ್ಚು ದುಡಿದಂತಾಯಿತು.

ಕಡಿಮೆ ಬೆಲೆಯ ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಪ್ರತಿ ಸರದಿಯ ಮಾನಾವನ್ನೂ ಪೂರ್ತಿ ಬಳಸುವ ಈ ವಿಧಾನ ಹಳೆಯದು. 1996ರಲ್ಲಿ ಅಟ್ಲಾಂಟಾದ ಅರ್ಹತಾ ಟೂರ್ನಿಯೊಂದರಲ್ಲಿ ಪಾಲ್ ಸ್ಲೈ ಎಂಬ ಆಟಗಾರ, ಜೇ ಶ್ನೈಡರ್ ರೂಪಿಸಿದ ಕೆಂಪು ಡೆಕ್ ಆಡಿ ಗಮನ ಸೆಳೆದರು. ಅದರಲ್ಲಿ ಐರನ್‌ಕ್ಲಾ ಆರ್ಕ್ಸ್‌ನಂಥ, ಯಾರೂ ಮೂಸಿ ನೋಡದ ಕಾರ್ಡುಗಳಿದ್ದವು. ಬಿಡಿಯಾಗಿ ದುರ್ಬಲವಾದ ಕಾರ್ಡುಗಳು ಸರಿಯಾದ ಸರದಿಗೆ ಸರಿಯಾಗಿ ಬಂದರೆ ಬಲಶಾಲಿ ಕಾರ್ಡುಗಳನ್ನೂ ಹಿಂದಿಕ್ಕುತ್ತವೆ ಎಂದು ಆ ಡೆಕ್ ತೋರಿಸಿಕೊಟ್ಟಿತು. ಈ ಶೈಲಿಗೆ ಇವತ್ತಿಗೂ ಸ್ಲೈ ಎಂಬ ಹೆಸರಿದೆ.

ಮೊದಲ ಏಳು ಕಾರ್ಡು

ಡೆಕ್ ಕಲೆಸಿ ಏಳು ಕಾರ್ಡು ಎತ್ತಿಕೊಂಡಾಗಲೇ ಮೊದಲ ದೊಡ್ಡ ತೀರ್ಮಾನ ಎದುರಾಗುತ್ತದೆ. 60ರಲ್ಲಿ 20 ಲ್ಯಾಂಡ್ ಇದ್ದರೆ ಏಳು ಕಾರ್ಡಿನಲ್ಲಿ ಎರಡು ಅಥವಾ ಮೂರು ಲ್ಯಾಂಡ್ ಬರುವ ಸಂಭವ ಸುಮಾರು ಶೇ 59. ನಮಗೆ ಬೇಕಾದ ಕೈ ಅದೇ. ಒಂದೂ ಬರದಿರುವ ಅಥವಾ ಒಂದೇ ಬರುವ ಸಂಭವ ಸುಮಾರು ಶೇ 25. ಅಂದರೆ ಆಡುವ ಪ್ರತಿ ನಾಲ್ಕು ಗೇಮಿನಲ್ಲಿ ಒಂದರಲ್ಲಿ ಇಂಥ ಕೈ ಬರುತ್ತದೆಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡು ಕೂರಬೇಕು.

ಬೇಡದ ಕೈಯನ್ನು ವಾಪಸ್ ಕಲೆಸುವುದಕ್ಕೆ ಮಲ್ಲಿಗನ್ ಎನ್ನುತ್ತಾರೆ. 2019ರಿಂದ ಇರುವ ನಿಯಮದ ಪ್ರಕಾರ ಮತ್ತೆ ಏಳು ಕಾರ್ಡನ್ನೇ ಎತ್ತಿಕೊಳ್ಳುತ್ತೀರಿ. ಕೈ ಇಟ್ಟುಕೊಳ್ಳಲು ಒಪ್ಪಿದಾಗ, ಎಷ್ಟು ಸಲ ಮಲ್ಲಿಗನ್ ಮಾಡಿದ್ದೀರೋ ಅಷ್ಟು ಕಾರ್ಡನ್ನು ಡೆಕ್ಕಿನ ಅಡಿಗೆ ಹಾಕಬೇಕು. ಕೆಂಪು ಡೆಕ್ಕಿಗೆ ಒಂದು ಕಾರ್ಡು ಕಳೆದುಕೊಳ್ಳುವುದೆಂದರೆ ಮೂರು ಡ್ಯಾಮೇಜ್ ಕಳೆದುಕೊಂಡಂತೆ, ಆದ್ದರಿಂದ ಸುಮ್ಮಸುಮ್ಮನೆ ಕಲೆಸಬಾರದು. ಹಾಗೆಂದು ಐದು ಲ್ಯಾಂಡ್, ಎರಡು ಸ್ಪೆಲ್ ಇರುವ ಕೈಯನ್ನು ಹಿಡಿದು ಕೂರುವುದೂ ತರವಲ್ಲ. ಕೈ ನೋಡಿದ ಕೂಡಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಮೊದಲ ಸರದಿಗೆ ಆಡಲು ಕ್ರೀಚರ್ ಇದೆಯೇ, ಮೂರನೆಯ ಸರದಿಯವರೆಗೆ ಮಾನಾ ವ್ಯರ್ಥವಾಗದೆ ಸಾಗುತ್ತದೆಯೇ?

ಒಂದೇ ಕೈ, ಎರಡು ದಾರಿ

ಆಡುವ ಕ್ರಮ ಎಷ್ಟು ಮುಖ್ಯವೆಂದು ಒಂದು ಕೈಯನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಮೊದಲು ಆಡುವವರು ನೀವು. ಕೈಯಲ್ಲಿ ಎರಡು ಮೌಂಟನ್ ಲ್ಯಾಂಡ್, ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್, ಲೈಟ್ನಿಂಗ್ ಬೋಲ್ಟ್, ಲಾವಾ ಸ್ಪೈಕ್, ರಿಫ್ಟ್ ಬೋಲ್ಟ್, ಸ್ಕಲ್‌ಕ್ರ್ಯಾಕ್. ಮುಂದಿನ ಎರಡು ಸರದಿಯಲ್ಲೂ ಮೌಂಟನ್ ಬಂತು ಎನ್ನೋಣ. ಸ್ವಿಫ್ಟ್‌ಸ್ಪಿಯರ್ 1/2 ಕ್ರೀಚರ್, ಅಂದರೆ ಹೊಡೆಯುವ ಶಕ್ತಿ ಒಂದು, ತಾಳುವ ಶಕ್ತಿ ಎರಡು. ಬಂದ ಸರದಿಯಲ್ಲೇ ದಾಳಿ ಮಾಡುತ್ತದೆ, ಮತ್ತು ಕ್ರೀಚರ್ ಅಲ್ಲದ ಸ್ಪೆಲ್ ಆಡಿದಾಗಲೆಲ್ಲ ಆ ಸರದಿಯ ಮಟ್ಟಿಗೆ +1/+1 ಬೆಳೆಯುತ್ತದೆ. ಎದುರಾಳಿಯ ಬಳಿ ತಡೆಯುವ ಕ್ರೀಚರ್ ಇಲ್ಲ.

ಮೊದಲ ಸರದಿ ಎರಡೂ ದಾರಿಯಲ್ಲಿ ಒಂದೇ: ಸ್ವಿಫ್ಟ್‌ಸ್ಪಿಯರ್ ಬಂದು ಒಂದು ಹೊಡೆಯುತ್ತದೆ. 20 ಹೋಗಿ 19.

ದಾರಿ ಒಂದು. ಎರಡನೆಯ ಸರದಿಯಲ್ಲಿ ಬೋಲ್ಟ್ ಮತ್ತು ಲಾವಾ ಸ್ಪೈಕ್, ಒಟ್ಟು ಆರು. ಎರಡು ಸ್ಪೆಲ್‌ನಿಂದ ಬೆಳೆದ ಸ್ವಿಫ್ಟ್‌ಸ್ಪಿಯರ್ ಮೂರು ಹೊಡೆಯುತ್ತದೆ. ಉಳಿದದ್ದು 10. ನೋಡಲು ಅದ್ಭುತ. ಆದರೆ ಮೂರನೆಯ ಸರದಿಯಲ್ಲಿ ಸ್ಕಲ್‌ಕ್ರ್ಯಾಕ್‌ಗೆ ಎರಡು ಮಾನಾ ಕೊಟ್ಟ ಮೇಲೆ ಉಳಿಯುವ ಒಂದರಲ್ಲಿ ರಿಫ್ಟ್ ಬೋಲ್ಟನ್ನು ಪಕ್ಕಕ್ಕಿಡಲು ಮಾತ್ರ ಸಾಧ್ಯ. ಪಕ್ಕಕ್ಕಿಡುವುದು ಸ್ಪೆಲ್ ಆಡಿದ ಲೆಕ್ಕಕ್ಕೆ ಬರುವುದಿಲ್ಲ. ಸ್ಕಲ್‌ಕ್ರ್ಯಾಕ್ ಮೂರು, ಸ್ವಿಫ್ಟ್‌ಸ್ಪಿಯರ್ ಎರಡು. ಉಳಿದದ್ದು 5.

ದಾರಿ ಎರಡು. ಎರಡನೆಯ ಸರದಿಯಲ್ಲಿ ರಿಫ್ಟ್ ಬೋಲ್ಟ್ ಪಕ್ಕಕ್ಕಿಟ್ಟು ಲಾವಾ ಸ್ಪೈಕ್ ಆಡಿ. ಸ್ಪೈಕ್ ಮೂರು, ಸ್ವಿಫ್ಟ್‌ಸ್ಪಿಯರ್ ಎರಡು. ಉಳಿದದ್ದು 14, ಮೊದಲ ದಾರಿಗಿಂತ ನಾಲ್ಕು ಹಿಂದೆ. ಮೂರನೆಯ ಸರದಿ ಬರುತ್ತಿದ್ದಂತೆ ರಿಫ್ಟ್ ಬೋಲ್ಟ್ ಮಾನಾ ಕೇಳದೆ ಬರುತ್ತದೆ. ಮೂರು ಮಾನಾ ಪೂರ್ತಿ ಕೈಯಲ್ಲಿರುವುದರಿಂದ ಸ್ಕಲ್‌ಕ್ರ್ಯಾಕ್ ಮತ್ತು ಬೋಲ್ಟ್ ಎರಡನ್ನೂ ಆಡಬಹುದು. ಮೂರು ಸ್ಪೆಲ್‌ಗೆ ಒಂಬತ್ತು. ಮೂರು ಸಲ ಬೆಳೆದ ಸ್ವಿಫ್ಟ್‌ಸ್ಪಿಯರ್ ನಾಲ್ಕು. ಉಳಿದದ್ದು 1.

ಅದೇ ಕಾರ್ಡು, ಅದೇ ಲ್ಯಾಂಡ್. ಕ್ರಮ ಬದಲಾದದ್ದಕ್ಕೆ ನಾಲ್ಕು ಡ್ಯಾಮೇಜ್ ಹೆಚ್ಚು ಸಿಕ್ಕಿತು. ಮಾಡರ್ನ್‌ನಲ್ಲಿ ಬಹುತೇಕರು ತಮ್ಮ ಲ್ಯಾಂಡ್‌ಗಳಿಗೇ ಲೈಫ್ ತೆರುತ್ತಾರೆ: ಬೇಕಾದ ಲ್ಯಾಂಡ್ ಹುಡುಕಿ ತರುವ ಫೆಚ್ ಲ್ಯಾಂಡ್‌ಗೆ ಒಂದು, ಅದರಿಂದ ತಂದ ಶಾಕ್ ಲ್ಯಾಂಡನ್ನು ಕೂಡಲೇ ಬಳಸಲು ಎರಡು. ಎದುರಾಳಿ ಹೀಗೆ ಒಂದೇ ಸಲ ಮೂರು ತೆತ್ತಿದ್ದರೂ ಸಾಕು, ಎರಡನೆಯ ದಾರಿ ಹಿಡಿದವರು ಮೂರನೆಯ ಸರದಿಗೆ ಗೆದ್ದಿರುತ್ತಾರೆ. ಮೊದಲ ದಾರಿಯವರ ಎದುರಾಳಿ ಎರಡು ಲೈಫ್ ಹಿಡಿದು ಇನ್ನೊಂದು ಸರದಿ ಆಡುತ್ತಾನೆ. ಸರದಿ ಮುಗಿಸುವ ಮೊದಲು ಮುಂದಿನ ಸರದಿಯ ಮಾನಾ ಯಾವ ಕಾರ್ಡಿಗೆ ಹೋಗುತ್ತದೆಂದು ನೋಡುವ ಅಭ್ಯಾಸ ಬೆಳೆಸಿಕೊಳ್ಳಿ.

ಕ್ರೀಚರ್‌ಗೋ, ಆಟಗಾರನಿಗೋ?

ಎದುರಾಳಿ ಕ್ರೀಚರ್ ಇಳಿಸಿದಾಗ ಬೋಲ್ಟ್ ಯಾರ ಮೇಲೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೂ ಲೆಕ್ಕದಲ್ಲೇ ಉತ್ತರವಿದೆ. ಆಟಗಾರನಿಗೆ ಹೊಡೆದರೆ ಮೂರು ಖಚಿತ. ಆ ಕ್ರೀಚರ್ ಉಳಿದರೆ ನಿಮ್ಮ ದಾಳಿಯನ್ನು ತಡೆದು ಮೂರಕ್ಕಿಂತ ಹೆಚ್ಚು ಡ್ಯಾಮೇಜ್ ಉಳಿಸಿಕೊಳ್ಳುವಂತಿದ್ದರೆ ಅದನ್ನು ತೆಗೆಯಿರಿ. ಮೊದಲ ಎರಡು ಸರದಿಯಲ್ಲಿ, ನಿಮ್ಮ ಕ್ರೀಚರ್‌ಗಳಿಗೆ ಇನ್ನೂ ಹಲವು ದಾಳಿ ಬಾಕಿ ಇರುವಾಗ, ಇದು ಹೆಚ್ಚಾಗಿ ಲಾಭದ ಹೊಡೆತ. ಮುಂದಿನ ಸರದಿಗೇ ನೀವು ಗೆಲ್ಲುವುದಿದ್ದರೆ ಎದುರಿನ ಕ್ರೀಚರ್ ಎಷ್ಟು ದೊಡ್ಡದಿದ್ದರೂ ಅದರ ಗೊಡವೆ ಬೇಡ.

1999ರಲ್ಲಿ ಮೈಕ್ ಫ್ಲೋರೆಸ್ ಬರೆದ ಲೇಖನವೊಂದು ಈ ಆಟದ ಚಿಂತನೆಗೇ ಬುನಾದಿಯಾಯಿತು. ಒಂದೇ ಬಗೆಯ ಎರಡು ಡೆಕ್ ಎದುರಾದಾಗ ಇಬ್ಬರಲ್ಲಿ ಒಬ್ಬ ದಾಳಿಕಾರ, ಇನ್ನೊಬ್ಬ ರಕ್ಷಕ ಆಗಲೇಬೇಕು, ತನ್ನ ಪಾತ್ರ ಯಾವುದೆಂದು ತಪ್ಪಾಗಿ ತಿಳಿದವನು ಸೋಲುತ್ತಾನೆ ಎಂಬುದು ಅದರ ಸಾರ. ನಿಮ್ಮದೇ ಥರದ ಕೆಂಪು ಡೆಕ್ ಎದುರಿಗೆ ಕೂತರೆ ಇದನ್ನು ನೆನಪಿಡಿ. ಆಗ ಎದುರಿನ ಕ್ರೀಚರ್‌ಗಳನ್ನು ತೆಗೆದು, ನಿಮ್ಮ ಲೈಫ್ ಕಾಪಾಡಿಕೊಂಡು, ಕೊನೆಗೆ ಹೊಡೆಯುವವರಿಗೆ ಗೆಲುವು ಬರುವುದು ಹೆಚ್ಚು.

ಸ್ಪೆಲ್ ರದ್ದು ಮಾಡುವ ನೀಲಿ ಡೆಕ್ ಎದುರಾದರೆ ಆತುರ ಬೇಡ. ಬೋಲ್ಟ್ ಇನ್‌ಸ್ಟಂಟ್, ಅಂದರೆ ಎದುರಾಳಿಯ ಸರದಿಯಲ್ಲೂ ಆಡಬಹುದು. ಅವರ ಸರದಿಯ ಕೊನೆಯಲ್ಲಿ ಹೊಡೆದರೆ ಅದನ್ನು ತಡೆಯಲು ಅವರು ಮಾನಾ ಖರ್ಚು ಮಾಡಬೇಕು, ನಿಮ್ಮ ಸರದಿಗೆ ದಾರಿ ತೆರವಾಗುತ್ತದೆ. ಲಾವಾ ಸ್ಪೈಕ್‌ಗೆ ಈ ಸೌಲಭ್ಯವಿಲ್ಲ. ಹಾಗಾಗಿ ಯಾವುದನ್ನು ಮೊದಲು ಆಡಲೆಂದು ಗೊಂದಲವಾದಾಗ ಸ್ಪೈಕ್ ಆಡಿ ಬೋಲ್ಟ್ ಉಳಿಸಿಕೊಳ್ಳಿ.

ಕೈ ಖಾಲಿಯಾಗಿ ಎದುರಾಳಿ ಮೂರಕ್ಕೆ ಬಂದು ನಿಂತರೂ ಆಟ ಮುಗಿದಿಲ್ಲ. 60ರಲ್ಲಿ 28 ಸ್ಪೆಲ್ ಇರುವ ಡೆಕ್ಕಿನಿಂದ ಒಂದು ಎಳೆದಾಗ ಬೇಕಾದದ್ದು ಸಿಗುವ ಸಂಭವ ಅರ್ಧಕ್ಕೆ ತುಸು ಕಡಿಮೆ. ಎರಡು ಸರದಿ ಬದುಕಿದರೆ ಅದು ಹತ್ತರಲ್ಲಿ ಏಳಾಗುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಕ್ರೀಚರ್‌ನಿಂದ ದಾಳಿ ಮಾಡುವುದಕ್ಕಿಂತ ತಡೆಗೆ ನಿಲ್ಲಿಸಿ ಇನ್ನೊಂದು ಸರದಿ ಗಳಿಸುವುದು ಜಾಣತನ.

ಸೈಡ್‌ಬೋರ್ಡ್

ಪಂದ್ಯ ಸಾಮಾನ್ಯವಾಗಿ ಮೂರರಲ್ಲಿ ಎರಡು ಗೇಮ್ ಗೆದ್ದವರಿಗೆ. ಮೊದಲ ಗೇಮ್ ಆದ ಮೇಲೆ ಪ್ರತ್ಯೇಕವಾಗಿ ತಂದ 15 ಕಾರ್ಡುಗಳಿಂದ ಡೆಕ್ ಬದಲಿಸಿಕೊಳ್ಳಬಹುದು. ಎದುರಾಳಿ ಲೈಫ್ ಹೆಚ್ಚಿಸುವ ಕಾರ್ಡುಗಳನ್ನು ತಂದೇ ತರುತ್ತಾರೆ. ಹೊಸಬರು ಇಲ್ಲಿ ಗಾಬರಿಯಾಗಿ ಏಳೆಂಟು ಕಾರ್ಡು ಬದಲಿಸಿಬಿಡುತ್ತಾರೆ, ಆಮೇಲೆ ಡೆಕ್ಕಿನ ವೇಗವೇ ಸತ್ತಿರುತ್ತದೆ. ಒಳಗೆ ಬರುವ ಕಾರ್ಡೂ ಸಾಧ್ಯವಾದಷ್ಟು ಡ್ಯಾಮೇಜ್ ಮಾಡುವಂಥದ್ದೇ ಆಗಿರಲಿ. ಸ್ಮ್ಯಾಶ್ ಟು ಸ್ಮಿದರೀನ್ಸ್ ಒಳ್ಳೆಯ ಮಾದರಿ: ಎದುರಿನ ಆರ್ಟಿಫ್ಯಾಕ್ಟ್ ಒಡೆಯುತ್ತದೆ, ಜೊತೆಗೆ ಅದರ ಒಡೆಯನಿಗೆ ಮೂರು ಡ್ಯಾಮೇಜ್ ಕೊಡುತ್ತದೆ. ಮೂರರ ಮಗ್ಗಿ ಅಲ್ಲೂ ತಪ್ಪುವುದಿಲ್ಲ.

ಮೇಜಿನ ಶಿಸ್ತು

ಸ್ಥಳೀಯ ಟೂರ್ನಿ ಸಾಮಾನ್ಯವಾಗಿ ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತದೆ. ಸೋತವರು ಹೊರಬೀಳುವುದಿಲ್ಲ, ಸಮ ಅಂಕದವರು ಮುಂದಿನ ಸುತ್ತಿನಲ್ಲಿ ಎದುರಾಗುತ್ತಾರೆ. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು. ಸುತ್ತಿಗೆ ಸಾಮಾನ್ಯವಾಗಿ 50 ನಿಮಿಷ. ವೇಗದ ಡೆಕ್ ಆಡುವವರಿಗೆ ಸಮಯದ ಕಾಟ ಕಡಿಮೆ. ಬೇಗ ಮುಗಿದಾಗ ನೀರು ಕುಡಿದು ದಣಿವಾರಿಸಿಕೊಳ್ಳಿ, ನಾಲ್ಕನೆಯ ಸುತ್ತಿನಲ್ಲಿ ಲೆಕ್ಕ ತಪ್ಪದಿರಲು ಇದು ಮುಖ್ಯ.

ಲೈಫ್ ಎಣಿಕೆಗೆ ದಾಳ ಬಳಸಬೇಡಿ, ಕೈ ತಾಗಿದರೆ ಉರುಳುತ್ತದೆ. ಕಾಗದದ ಮೇಲೆ ಎರಡು ಕಾಲಂ ಹಾಕಿ ಪ್ರತಿ ಬದಲಾವಣೆಯನ್ನೂ ಬರೆಯಿರಿ. ಸ್ಲೀವ್‌ಗಳು ಹಿಂಬದಿಯಿಂದ ಎಲ್ಲ ಒಂದೇ ಥರ ಕಾಣಬೇಕು, ಮೂಲೆ ಮಡಚಿದ್ದನ್ನು ಬದಲಿಸಿ. ಗಾಬ್ಲಿನ್ ಗೈಡ್ ದಾಳಿ ಮಾಡಿದಾಗಲೆಲ್ಲ ಎದುರಾಳಿ ತನ್ನ ಡೆಕ್ಕಿನ ಮೇಲಿನ ಕಾರ್ಡು ತೋರಿಸುತ್ತಾನೆ, ಅದು ಲ್ಯಾಂಡ್ ಆಗಿದ್ದರೆ ಅವನ ಕೈ ಸೇರುತ್ತದೆ. ಅದರಿಂದ ಲಾಭ ಅವನಿಗೆ, ಆದರೆ ನೆನಪಿಸುವ ಹೊಣೆ ನಿಮ್ಮದು. ಗೊತ್ತಿದ್ದೂ ಮರೆತಂತೆ ನಟಿಸುವುದು ಮೋಸ. ಯಾವ ಸಂದೇಹ ಬಂದರೂ ಕೈ ಎತ್ತಿ ಜಡ್ಜನ್ನು ಕರೆಯಿರಿ, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಸೋತ ಗೇಮಿನ ಲೆಕ್ಕ

ಮನೆಗೆ ಬಂದ ಮೇಲೆ ಆ ಕಾಗದವನ್ನು ಬಿಸಾಡಬೇಡಿ. ಸೋತ ಪ್ರತಿ ಗೇಮಿನಲ್ಲೂ ಎದುರಾಳಿ ಎಷ್ಟು ಲೈಫ್‌ನಲ್ಲಿ ಉಳಿದಿದ್ದನೆಂದು ನೋಡಿ. 12ರಲ್ಲೋ 14ರಲ್ಲೋ ಉಳಿದಿದ್ದರೆ ಆ ದಿನದ ಕೈ ಕೊಟ್ಟಿದ್ದೇ ಅಷ್ಟು ಇರಬಹುದು, ಇಲ್ಲವೇ ಮೊದಲ ಏಳು ಕಾರ್ಡಿನ ತೀರ್ಮಾನ ತಪ್ಪಿರಬಹುದು. ಒಂದರಿಂದ ಮೂರರ ಒಳಗೆ ಉಳಿದಿದ್ದರೆ ಮಾತ್ರ ಬಿಡದೆ ಹಿಂದಕ್ಕೆ ಹೋಗಿ ಹುಡುಕಿ. ಕೊರತೆಯಾದದ್ದು ಒಂದೇ ಒಂದು ಕಾರ್ಡಿನ ಬೆಲೆ. ಎಲ್ಲೋ ಒಂದು ಮಾನಾ ಬಳಸದೆ ಬಿಟ್ಟಿರುತ್ತೀರಿ, ಬೇಡದ ಕ್ರೀಚರ್ ಮೇಲೆ ಒಂದು ಬೋಲ್ಟ್ ಹಾಕಿರುತ್ತೀರಿ, ಅಥವಾ ರಿಫ್ಟ್ ಬೋಲ್ಟನ್ನು ಒಂದು ಸರದಿ ತಡವಾಗಿ ಪಕ್ಕಕ್ಕಿಟ್ಟಿರುತ್ತೀರಿ. ಅದು ಸಿಕ್ಕಿತೆಂದರೆ ಮುಂದಿನ ಟೂರ್ನಿಗೆ ನೀವು ಮಾಡಬಹುದಾದ ಅತ್ಯುತ್ತಮ ತಯಾರಿ ಮುಗಿದಂತೆಯೇ. ಹೊಸ ಕಾರ್ಡು ಕೊಳ್ಳುವ ವಿಚಾರ ಆಮೇಲೆ.