ಖಾಲಿ ಇರದ ನೆಲ

ಅಮೆರಿಕದ ಪಶ್ಚಿಮವನ್ನು ಕಟ್ಟಿದ್ದು ಒಂಟಿ ರೈತನ ಛಲ ಎನ್ನುತ್ತಾರೆ. ಆದರೆ ಕಾಯ್ದೆಗಳನ್ನು ತಿರುವಿದರೆ, ಅವನಿಗೆ ನೆಲ ಬಿಡಿಸಿಕೊಟ್ಟಿದ್ದು ಸರ್ಕಾರ. 1830ರ ಕಾಯ್ದೆ ಚೆರೋಕೀಯರಂಥ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯಾಚೆಗೆ ಅಟ್ಟಿತು. ಸಾವಿರಾರು ಜನ ದಾರಿಯಲ್ಲೇ ಸತ್ತರು. 1862ರ ಹೋಮ್‌ಸ್ಟೆಡ್ ಕಾಯ್ದೆ, ಐದು ವರ್ಷ ನೆಲೆಸಿ ಉತ್ತವರಿಗೆ 160 ಎಕರೆ ಕೊಟ್ಟಿತು. ಅದೇ ವರ್ಷ ರೈಲು ಕಂಪನಿಗಳಿಗೂ ಭೂಮಿ ದಕ್ಕಿತು.

ಬಡವರಿಗೆ ಬದುಕು ಸಿಕ್ಕಿತಲ್ಲವೇ ಎನ್ನಬಹುದು. ನಿಜ, ಮಣ್ಣುಹೆಂಟೆಯ ಮನೆಗಳಲ್ಲಿ ಬರ, ಮಿಡತೆ ಸಹಿಸಿ ದುಡಿದವರ ಬೆವರು ಸುಳ್ಳಲ್ಲ; ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರೂ ಅಲ್ಲಿ ಊರು ಕಟ್ಟಿದರು. ಹಾಗೆಂದು ಆ ನೆಲ ಮೊದಲು ಖಾಲಿಯಿತ್ತು ಎಂದಾಗದು. 1887ರ ಡಾಸ್ ಕಾಯ್ದೆ ಬುಡಕಟ್ಟುಗಳ ಸಾಮೂಹಿಕ ಭೂಮಿಯನ್ನು ತುಂಡರಿಸಿ, ‘ಮಿಕ್ಕಿದ್ದನ್ನು’ ವಲಸಿಗರಿಗೆ ತೆರೆಯಿತು: ಬುಡಕಟ್ಟುಗಳ ಕೈಯಲ್ಲಿದ್ದ ಸುಮಾರು 13.8 ಕೋಟಿ ಎಕರೆ 1934ರ ಹೊತ್ತಿಗೆ 4.8 ಕೋಟಿಗೆ ಇಳಿದಿತ್ತು.